ಐದು ಎಕರೆ ಬೆಲೆಯ ವಿಶ್ವವಿದ್ಯಾಲಯ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬನ ಮನೆಯಿದೆ. ಪಡಸಾಲೆಯಲ್ಲಿ ಎರಡು ಪವರ್‌ಲೂಮು, ಒಳಗೆ ದೇವರ ಜಗಲಿ, ಅದರ ಪಕ್ಕ ಒಂದು ಕಬ್ಬಿಣದ ಟ್ರಂಕು. ಕಳೆದ ಬಾರಿ ಹೋದಾಗ ಯಾವುದೋ ಜಾತಿ ಪ್ರಮಾಣಪತ್ರ ಹುಡುಕಲು ಅದನ್ನು ತೆರೆದ. ಪತ್ರ ಸಿಗಲಿಲ್ಲ, ಎರಡೇ ತಲೆಮಾರಿನಲ್ಲಿ ಮೂರು ವಿಶ್ವವಿದ್ಯಾಲಯಗಳ ಕಾಗದ ಸಿಕ್ಕವು. ಅವನದೇ ಬಿ.ಎಸ್ಸಿ. ಪದವಿಯ ಮೇಲೆ ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ. ಹಿರಿಯ ಮಗನ ಬಿ.ಕಾಂ. ಮೇಲೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬೆಳಗಾವಿ. 2023ರಲ್ಲಿ ಬಿ.ಎಸ್ಸಿ. ಸೇರಿದ ಮಗಳ ಅಂಕಪಟ್ಟಿಗಳ ಮೇಲೆ ಬಾಗಲಕೋಟೆ ವಿಶ್ವವಿದ್ಯಾಲಯ, ಜಮಖಂಡಿ. ಮೂವರೂ ಕಲಿತದ್ದು ಒಂದೇ ಕಾಲೇಜಿನಲ್ಲಿ. "ಗ್ವಾಡಿ ಅದ, ಬೆಂಚ್ ಅದ, ಕೆಮಿಸ್ಟ್ರಿ ಲ್ಯಾಬಿನ ವಾಸನಿನೂ ಅದ. ಬೋರ್ಡ್ ಅಷ್ಟ ಬದಲಿ ಆತು ನೋಡು" ಅಂದ.

ಈಗ ಆ ಬೋರ್ಡೂ ಉಳಿಯುತ್ತದೋ ಇಲ್ಲವೋ ಎಂಬ ಮಾತು. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿ, ಹತ್ತು ಹೊಸ ವಿಶ್ವವಿದ್ಯಾಲಯಗಳ ಪೈಕಿ ಬೀದರ್ ಒಂದನ್ನು ಉಳಿಸಿಕೊಂಡು ಉಳಿದ ಒಂಬತ್ತನ್ನು ಮುಚ್ಚುವ, ಅಂದರೆ ಮಾತೃ ವಿಶ್ವವಿದ್ಯಾಲಯಗಳಿಗೆ ಮರಳಿ ಸೇರಿಸುವ ನಿಲುವಿಗೆ ಬಂತು. ದುಡ್ಡಿಲ್ಲ, ಸಿಬ್ಬಂದಿ ಇಲ್ಲ, ಸೌಕರ್ಯ ಇಲ್ಲ ಎಂಬುದು ಕಾರಣ. ಬೀದರ್ ಉಳಿದದ್ದು ಅಲ್ಲಿ ಕಾಲೇಜುಗಳ ಸಂಖ್ಯೆ ಹೆಚ್ಚಿದೆ ಎಂಬ ಲೆಕ್ಕದ ಮೇಲೆ. ಒಂಬತ್ತರ ಪಟ್ಟಿಯಲ್ಲಿ ಬಾಗಲಕೋಟೆಯೂ ಇತ್ತು. ಕೊಡಗಿನಿಂದ ಕೊಪ್ಪಳದವರೆಗೆ ಪ್ರತಿಭಟನೆಗಳಾದವು. ಬಿಜೆಪಿ ತಾನು ತೆರೆದದ್ದನ್ನು ಮುಚ್ಚಬೇಡಿ ಎಂದಿತು, ಕಾಂಗ್ರೆಸ್ ನೀವು ತೆರೆದದ್ದಾದರೂ ಏನು ಎಂದು ಕೇಳಿತು. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ಉಳಿಸುವುದೋ ಮುಚ್ಚುವುದೋ ಎಂಬ ಜಗಳದಲ್ಲಿ ಅಸಲು ವಿಷಯ ಪಕ್ಕಕ್ಕೆ ಸರಿದಿದೆ.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹರಿಯುವ ಜಿಲ್ಲೆ ಬಾಗಲಕೋಟೆ. ಘಟಪ್ರಭೆ ಚಿಕ್ಕಸಂಗಮದಲ್ಲಿ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುತ್ತವೆ. ಇಂಥ ನದಿಬಯಲಿಗೆ ಸರ್ಕಾರ ಒಂದು ಪೂರ್ಣ ವಿಶ್ವವಿದ್ಯಾಲಯವನ್ನು ಯಾವತ್ತಾದರೂ ಕೊಟ್ಟಿತ್ತೇ? ನನ್ನ ಲೆಕ್ಕದಲ್ಲಿ ಇಲ್ಲ. ಇದ್ದ ವಿಶ್ವವಿದ್ಯಾಲಯವನ್ನು ಕತ್ತರಿಸಿ ತುಂಡು ಕೈಗಿಟ್ಟಿದೆ, ಅಷ್ಟೇ.

ಕತ್ತರಿ ಆಡಿರುವುದು ಎರಡು ಕಡೆಯಿಂದ. ಒಂದು ಪ್ರದೇಶದ ಕತ್ತರಿ, ಇದು ಎಲ್ಲರಿಗೂ ಕಾಣುತ್ತದೆ. 1949ರ ಕರ್ನಾಟಕ ವಿಶ್ವವಿದ್ಯಾಲಯದಿಂದ 1980ರಲ್ಲಿ ಗುಲ್ಬರ್ಗ ಬೇರೆಯಾಯಿತು. 2010ರಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರು ಜಿಲ್ಲೆ ರಾಣಿ ಚನ್ನಮ್ಮ ವಿವಿಗೆ ಹೋದವು. 2022ರ ತಿದ್ದುಪಡಿ ಕಾಯ್ದೆಯಿಂದ ಬಾಗಲಕೋಟೆಗೆ ಒಂದು, ಹಾವೇರಿಗೆ ಒಂದು.

ಇನ್ನೊಂದು ವಿಷಯದ ಕತ್ತರಿ. ಇದನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಎಂಜಿನಿಯರಿಂಗ್ ಶಿಕ್ಷಣ 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ (ವಿಟಿಯು) ಕೈಯಲ್ಲಿ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿವಿಗೆ. ಕಾನೂನು ಹುಬ್ಬಳ್ಳಿಯ ಕಾನೂನು ವಿವಿಗೆ. ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿಗೆ. ದ್ರಾಕ್ಷಿ, ದಾಳಿಂಬೆ, ಲಿಂಬೆಯ ವಿದ್ಯೆ ಬಾಗಲಕೋಟೆಯಲ್ಲೇ ಇರುವ ತೋಟಗಾರಿಕಾ ವಿವಿಗೆ. ಗ್ರಾಮೀಣಾಭಿವೃದ್ಧಿ ಗದಗಕ್ಕೆ. ಬಾದಾಮಿಯಲ್ಲಿ ಶಿಲ್ಪ ಕಲಿಸುವವರೂ ಹಂಪಿ ಕನ್ನಡ ವಿವಿಯವರು. ಹೀಗೆ ಒಂದೊಂದೇ ಎತ್ತಿಟ್ಟ ಮೇಲೆ ಜಿಲ್ಲೆಯ ವಿವಿಯ ತಟ್ಟೆಯಲ್ಲಿ ಉಳಿಯುವುದು ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಸಿ.ಎ., ಬಿ.ಇಡಿ. ಮತ್ತು ಹತ್ತಾರು ಎಂ.ಎ., ಎಂ.ಕಾಂ., ಎಂ.ಎಸ್ಸಿ. ಸೀಟುಗಳು. ಶುಲ್ಕ ಕಡಿಮೆ ಇರುವ, ಹೊಲಗೆಲಸದವರ, ನೇಕಾರರ, ಸಣ್ಣ ಅಂಗಡಿಯವರ ಮಕ್ಕಳು ಬರುವ ಕೋರ್ಸುಗಳು. ಹಣ ತರುವ ವಿಷಯಗಳನ್ನೆಲ್ಲ ಬೇರೆ ಮನೆಗೆ ಕೊಟ್ಟು, "ಇದಕ್ಕೆ ಆದಾಯವೇ ಇಲ್ಲ" ಎಂದು ದೂರುವುದು ಎಂಥ ನ್ಯಾಯ?

ಆದಾಯದ ಮಾತು ಬಂತು, ಅದು ಹೇಗೆ ಬರುತ್ತದೆ ಎಂದು ಹೇಳಿಬಿಡುತ್ತೇನೆ. ನಮ್ಮ ರಾಜ್ಯದ ವಿವಿಗಳು ಹೆಸರಿಗೆ ಜ್ಞಾನಕೇಂದ್ರ, ಲೆಕ್ಕದ ಪುಸ್ತಕದಲ್ಲಿ ಪರೀಕ್ಷಾ ಮಂಡಳಿ. ಕಾಲೇಜುಗಳು ಕೊಡುವ ಸಂಯೋಜನಾ ಶುಲ್ಕ, ಮಕ್ಕಳು ಕಟ್ಟುವ ಪರೀಕ್ಷಾ ಶುಲ್ಕ, ಮರುಮೌಲ್ಯಮಾಪನ, ಅಂಕಪಟ್ಟಿ, ಘಟಿಕೋತ್ಸವದ ದುಡ್ಡು, ಇವೇ ಅವುಗಳ ಸ್ವಂತ ಸಂಪಾದನೆ. ಸರ್ಕಾರದ ಅನುದಾನ ಬಹುಪಾಲು ಸಂಬಳಕ್ಕೆ. ಒಂದು ಜಿಲ್ಲೆ ಕೈಬಿಟ್ಟರೆ ಮಾತೃ ವಿವಿಯ ಈ ಸಂಪಾದನೆ ಅಷ್ಟರಮಟ್ಟಿಗೆ ಕುಗ್ಗುತ್ತದೆ, ಖರ್ಚು ಕುಗ್ಗುವುದಿಲ್ಲ. ಪ್ರಾಧ್ಯಾಪಕರು ಅಲ್ಲೇ, ಪಿಂಚಣಿದಾರರು ಅಲ್ಲೇ. ಧಾರವಾಡ, ಮೈಸೂರಿನಂಥ ಹಳೆಯ ವಿವಿಗಳು ನಿವೃತ್ತರ ಪಿಂಚಣಿ ಹೊಂದಿಸಲು ಪರದಾಡುವುದರ ಹಿಂದೆ ಇರುವ ಕಾರಣಗಳಲ್ಲಿ ಇದೂ ಒಂದು. ಅತ್ತ ಹೊಸದಕ್ಕೆ ಬಂದ ತುಂಡು ಒಬ್ಬ ಕುಲಪತಿ, ಇಬ್ಬರು ಕುಲಸಚಿವರು, ಒಬ್ಬ ಹಣಕಾಸು ಅಧಿಕಾರಿ, ಅವರ ಕಾರು, ಕಚೇರಿಗಳನ್ನು ಸಾಕುವುದರಲ್ಲೇ ಸುಸ್ತು. ಅಣ್ಣತಮ್ಮಂದಿರು ಪಾಲಾದಾಗ ಒಂದು ಎತ್ತು ಅವನಿಗೆ, ಒಂದು ಎತ್ತು ಇವನಿಗೆ ಬಂದು, ಇಬ್ಬರದೂ ಬೇಸಾಯ ನಿಂತ ಹಾಗೆ.

ಹಾಗಂತ ಸ್ನಾತಕೋತ್ತರ ಕೇಂದ್ರಕ್ಕೆ ವಿವಿ ಎಂದು ಬೋರ್ಡು ಹಚ್ಚಿದ್ದೇ ತಪ್ಪು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಜಮಖಂಡಿಯಲ್ಲಿ ಮೊದಲಿದ್ದದ್ದು ರಾಣಿ ಚನ್ನಮ್ಮ ವಿವಿಯ ಸ್ನಾತಕೋತ್ತರ ಕೇಂದ್ರ, ನಿಜ. ಆದರೆ ಇಂದು ನಾವು ದೊಡ್ಡದೆನ್ನುವ ಗುಲ್ಬರ್ಗ ವಿವಿಯೂ 1970ರಲ್ಲಿ ಧಾರವಾಡದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದದ್ದು. ಕೊಣಾಜೆಯ ಮಂಗಳಗಂಗೋತ್ರಿ 1968ರಿಂದ ಮೈಸೂರು ವಿವಿಯ ಕೇಂದ್ರವಾಗಿತ್ತು. ಎರಡೂ ವಿವಿಗಳಾದದ್ದು 1980ರಲ್ಲಿ. ಹತ್ತು ಹನ್ನೆರಡು ವರ್ಷ ಅಲ್ಲಿ ಪಾಠ ಹೇಳುವವರು ಬೇರು ಬಿಟ್ಟಿದ್ದರು. ವಿಭಾಗಗಳು, ಗ್ರಂಥಾಲಯ, ಜಮೀನು ಕೂಡಿಬಂದಿದ್ದವು. ಕುಲಪತಿ ಬಂದದ್ದು ಆಮೇಲೆ. 2023ರಲ್ಲಿ ಮಾಡಿದ್ದು ಇದರ ತಿರುಗಾಮುರುಗಾ. ಕುಲಪತಿ ಮೊದಲು ಬಂದರು, ಪ್ರಾಧ್ಯಾಪಕರು ಬರಲೇ ಇಲ್ಲ.

ಕೊಟ್ಟದ್ದೆಷ್ಟು ಎಂದರೆ, 2023ರಲ್ಲಿ ಶುರುವಾದ ಏಳು ವಿವಿಗಳಿಗೆ ಒಟ್ಟು 14 ಕೋಟಿ, ತಲಾ 2 ಕೋಟಿ ರೂಪಾಯಿ. ಹೊಸ ಜಮೀನು ಬೇಡ, ದೊಡ್ಡ ಕಟ್ಟಡ ಬೇಡ, ಇದ್ದುದರಲ್ಲೇ ತಂತ್ರಜ್ಞಾನದ ನೆರವಿನಿಂದ ನಡೆಸಬಹುದು ಎಂಬ ಲೆಕ್ಕಾಚಾರ ಆಗಿನ ಸರ್ಕಾರದ್ದು. ಈ 2 ಕೋಟಿಯನ್ನು ಇದೇ ಜಿಲ್ಲೆಯ ಇನ್ನೊಂದು ಲೆಕ್ಕದ ಪಕ್ಕ ಇಟ್ಟು ನೋಡಿ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮುಳುಗುವ ಸುಮಾರು 75 ಸಾವಿರ ಎಕರೆ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ದರ ಗೊತ್ತು ಮಾಡಿತು: ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯದ ಎಕರೆಗೆ 30 ಲಕ್ಷ. ಆ ದರದಲ್ಲಿ ಒಂದು ವಿಶ್ವವಿದ್ಯಾಲಯದ ಆರಂಭಿಕ ಬಂಡವಾಳ ಅಂದರೆ ಐದು ಎಕರೆ ನೀರಾವರಿ ಹೊಲ. ರೈತನಿಗೆ ಕೊಡುವುದು ಹೆಚ್ಚಾಯಿತು ಎಂದಲ್ಲ, ಅದು ಅವನ ಹಕ್ಕು. ಹೊಲ ಹೋದ ಮೇಲೆ ಅವನ ಮಕ್ಕಳು ಕೈಹಚ್ಚಬೇಕಾದ ವಿದ್ಯೆಗೆ ಇಟ್ಟ ಬೆಲೆ ಇಷ್ಟು ಎಂದು ಹೇಳಿದೆ.

ಕಾಯಂ ಬೋಧಕರು ಇಲ್ಲದಿದ್ದರೆ ಏನಾಗುತ್ತದೆ? ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಾರಲ್ಲ ಎನ್ನಬಹುದು. ಮಾಡುತ್ತಾರೆ, ಎಷ್ಟೋ ಕಡೆ ಚೆನ್ನಾಗಿಯೇ ಮಾಡುತ್ತಾರೆ. ತೊಡಕು ಬೇರೆ ಕಡೆ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮದ ಪ್ರಕಾರ ಮಾರ್ಗದರ್ಶಕರಾಗಲು ಕಾಯಂ ಅಧ್ಯಾಪಕರೇ ಬೇಕು. ಪ್ರಾಧ್ಯಾಪಕರಿಗೆ ಎಂಟು, ಸಹಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳ ಮಿತಿ. ಕಾಯಂ ಅಧ್ಯಾಪಕರು ಇಲ್ಲದ ವಿಭಾಗಕ್ಕೆ ಈ ಮಿತಿ ಸೊನ್ನೆ. ಸಂಶೋಧನೆ ಇಲ್ಲದಿದ್ದರೆ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಅಂಕ ಬರುವುದಿಲ್ಲ. ಬೋಧಕರು, ಸೌಕರ್ಯ ತೋರಿಸದೆ ಯುಜಿಸಿ ಕಾಯ್ದೆಯ 12(ಬಿ) ಮಾನ್ಯತೆ ಸಿಗುವುದು ಕಷ್ಟ, ಆ ಮಾನ್ಯತೆ ಇಲ್ಲದೆ ಯುಜಿಸಿ ದುಡ್ಡು ಇಲ್ಲ. ದುಡ್ಡು ಇಲ್ಲದಿದ್ದರೆ ಬೋಧಕರಿಲ್ಲ. ಗಾಣದೆತ್ತು ಸುತ್ತಿದ ಹಾಗೆ ಸುತ್ತಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇವೆ. ಈ ಸುತ್ತನ್ನು ಕಡಿಯಬಲ್ಲದ್ದು ರಾಜ್ಯ ಸರ್ಕಾರದ ಆರ್ಥಿಕ ಇಲಾಖೆಯ ಹುದ್ದೆ ಮಂಜೂರಾತಿ ಆದೇಶ ಒಂದೇ. ಬೀದರ್, ಕೊಪ್ಪಳ, ರಾಯಚೂರಿನ ವಿವಿಗಳಿಗೆ ಕೊನೇಪಕ್ಷ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬಾಗಿಲು ತಟ್ಟುವ ಅವಕಾಶವಿದೆ. ಬಾಗಲಕೋಟೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯ ಹೊರಗೆ.

ಇನ್ನು ಜಾಗದ ಪ್ರಶ್ನೆ. ಇಲ್ಲಿ ಜಮಖಂಡಿಯವರಿಗೆ ಬೇಸರವಾದರೂ ಹೇಳಲೇಬೇಕು. ವಿವಿ ಉಳಿಸಿ ಎನ್ನುವವರ ಮುಖ್ಯ ವಾದ "ಮಕ್ಕಳಿಗೆ ಹತ್ತಿರ" ಎಂಬುದು. ಯಾವ ಮಕ್ಕಳಿಗೆ? ಜಮಖಂಡಿ ಇರುವುದು ಜಿಲ್ಲೆಯ ವಾಯವ್ಯ ಮೂಲೆಯಲ್ಲಿ. ಮುಧೋಳ, ತೇರದಾಳ, ರಬಕವಿ, ಬನಹಟ್ಟಿ, ಮಹಾಲಿಂಗಪುರದವರಿಗೆ ಹತ್ತಿರವೇ ಸರಿ. ಆಗ್ನೇಯ ತುದಿಯ ಇಳಕಲ್ಲಿನ ಹುಡುಗಿಗೆ? ಇಳಕಲ್ಲಿನಿಂದ ಬಾಗಲಕೋಟೆ, ಅಲ್ಲಿ ಬಸ್ಸು ಬದಲಿಸಿ ಜಮಖಂಡಿ, ನೂರು ಕಿಲೋಮೀಟರು ಮೀರಿದ ಹಾದಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟವಳು ವಿವಿ ಕಚೇರಿಯ ಕಿಟಕಿಯ ಮುಂದೆ ನಿಲ್ಲುವ ಹೊತ್ತಿಗೆ ಊಟದ ವಿರಾಮದ ಹಲಗೆ ತೂಗಾಡುತ್ತಿರುತ್ತದೆ. 2023ರ ಜೂನಿನಿಂದ ಶಕ್ತಿ ಯೋಜನೆ ಅವಳ ಟಿಕೆಟ್ಟಿನ ದುಡ್ಡು ಉಳಿಸಿದೆ, ದಿನವನ್ನು ಉಳಿಸಿಲ್ಲ. ರೈಲಿನ ಕಥೆ ಕೇಳಬೇಡಿ. ಬಾಗಲಕೋಟೆ–ಕುಡಚಿ ಮಾರ್ಗ ಮಂಜೂರಾದದ್ದು ರಾಣಿ ಚನ್ನಮ್ಮ ವಿವಿ ಹುಟ್ಟಿದ ಕಾಲಕ್ಕೇ, 2010ರ ಸುಮಾರಿಗೆ. ವಿವಿ ಹುಟ್ಟಿ, ಬೆಳೆದು, ಪಾಲಾದರೂ ಜಮಖಂಡಿಯಲ್ಲಿ ರೈಲಿನ ಶಿಳ್ಳೆ ಕೇಳಿಸಿಲ್ಲ.

ಆದ್ದರಿಂದ ಹತ್ತಿರ ಎಂಬುದು ಕಚೇರಿಗೆ ಹತ್ತಿರ ಎಂದಾದರೆ ಆ ವಾದ ಪೊಳ್ಳು. ಅಂಕಪಟ್ಟಿಯ ತಿದ್ದುಪಡಿಗೆ, ವಲಸೆ ಪ್ರಮಾಣಪತ್ರಕ್ಕೆ ಯಾರೂ ಎಲ್ಲಿಗೂ ಹೋಗುವ ಅಗತ್ಯವೇ ಇರಬಾರದು. ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶವನ್ನು ತಂದದ್ದೇ ಅದಕ್ಕೆ ಎಂದು ಹೇಳಿದ್ದರು. ನನ್ನ ತಂಗಿಯ ಮಗನ ಹೆಸರಿನಲ್ಲಿ ಒಂದು ದೀರ್ಘ ಬಿದ್ದುಹೋಗಿದ್ದಕ್ಕೆ ನಾವು ಯಾವ ಯಾವ ಮೆಟ್ಟಿಲು ಹತ್ತಿ ಇಳಿದೆವು ಎಂದು ಬರೆದರೆ ಅದೇ ಒಂದು ಲೇಖನವಾದೀತು. ಯಾವ ವಿವಿ ಎಂಬುದು ಬೇಡ. ಕಾಲೇಜಿನವರು ಪೋರ್ಟಲ್ ಕಡೆ ಕೈ ತೋರಿಸಿದರು, ಪೋರ್ಟಲ್ ವಿವಿ ಕಡೆ ತೋರಿಸಿತು, ವಿವಿಯ ಗುಮಾಸ್ತರು ಮತ್ತೆ ಕಾಲೇಜಿನ ಕಡೆ. ಕೊನೆಗೆ ಅಫಿಡವಿಟ್ಟು ಮಾಡಿಸಿಕೊಂಡು ಸುಮ್ಮನಾದೆವು.

ಆದರೆ ಪಾಠಕ್ಕೆ ಹತ್ತಿರ ಎಂಬುದು ಬೇರೆಯೇ ಮಾತು, ಮತ್ತು ಅದು ಗಟ್ಟಿ ಮಾತು. ಈ ಕಡೆ ಕಾಲೇಜುಗಳಿಗೆ ಬರ ಇಲ್ಲ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರದು, ವಿಜಯಪುರದ ಬಿಎಲ್‌ಡಿಇ 1910ರದು, ಬೆಳಗಾವಿಯ ಕೆಎಲ್ಇ 1916ರದು. ಮಠಗಳು, ಸಂಘಗಳು, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸೇರಿ ಪದವಿಯವರೆಗೆ ದಾರಿ ಹಾಕಿಕೊಟ್ಟಿವೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ 2021-22ರಲ್ಲಿ ಕರ್ನಾಟಕದ ಒಟ್ಟು ದಾಖಲಾತಿ ಅನುಪಾತವನ್ನು (ಕಾಲೇಜು ವಯಸ್ಸಿನ ನೂರು ಮಂದಿಗೆ ಎಷ್ಟು ದಾಖಲಾತಿ ಎಂಬ ಲೆಕ್ಕ) 36.2 ಎಂದು ಲೆಕ್ಕ ಹಾಕಿತ್ತು, ದೇಶದ್ದು 28.4. ಪ್ರತಿ ಲಕ್ಷ ಯುವಜನರಿಗೆ ಕಾಲೇಜುಗಳ ಸಂಖ್ಯೆಯಲ್ಲಿ ನಮ್ಮದೇ ಮೊದಲ ಸ್ಥಾನ. ದಾರಿ ಕಡಿಯುವುದು ಪದವಿಯ ಆಚೆ. ಬಿ.ಎಸ್ಸಿ. ಮುಗಿಸಿದ ಹುಡುಗಿಯನ್ನು ಎಂ.ಎಸ್ಸಿ.ಗೆ ಧಾರವಾಡಕ್ಕೋ ಬೆಳಗಾವಿಗೋ ಕಳಿಸಬೇಕಾದರೆ ಮನೆಯಲ್ಲಿ ಮೂರು ದಿನ ಪಂಚಾಯ್ತಿ ಆಗುತ್ತದೆ. ಜಮಖಂಡಿಗಾದರೆ "ಹೋಗಿ ಬಂದು ಮಾಡ್ತಾಳ ಬಿಡ್ರಿ" ಎಂದು ಅಜ್ಜಿಯೇ ತೀರ್ಪು ಕೊಡುತ್ತಾಳೆ. ಸ್ನಾತಕೋತ್ತರ ಸೀಟು ಹತ್ತಿರ ಇರುವುದಕ್ಕೂ ಮದುವೆ ಎರಡು ವರ್ಷ ಮುಂದೆ ಹೋಗುವುದಕ್ಕೂ ಇರುವ ನಂಟು ನಮ್ಮ ಓಣಿಗಳಲ್ಲಿ ಎಲ್ಲರಿಗೂ ಗೊತ್ತು.

ಇಷ್ಟಾದರೂ ಒಂದು ವಿಶ್ವವಿದ್ಯಾಲಯ ಅಂದರೆ ಸೀಟುಗಳಷ್ಟೇ ಅಲ್ಲ. ಆ ನೆಲದ ಪ್ರಶ್ನೆಗಳನ್ನು ಕೈಗೆತ್ತಿಕೊಳ್ಳುವವರು ಅಲ್ಲೇ ವಾಸವಾಗಿರಬೇಕು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ಕೂತರು, ಸರ್ಕಾರ 3,300ಕ್ಕೆ ಒಪ್ಪಿಸಿತು. ಮುಧೋಳದ ಕಡೆ ಕಿಚ್ಚು ಆಮೇಲೂ ಆರಲಿಲ್ಲ, ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿತ್ತು. ಆ ಇಡೀ ಜಗಳದ ತಿರುಳು ಒಂದು ಸಂಖ್ಯೆ, ಸಕ್ಕರೆ ಇಳುವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ. ಕೇಂದ್ರದ 2025-26ರ ದರ ಕ್ವಿಂಟಲಿಗೆ 355 ರೂಪಾಯಿ ಇರುವುದು ಶೇ. 10.25 ಇಳುವರಿಗೆ. ಇಳುವರಿ ಏರಿದಂತೆ ದರ ಏರುತ್ತದೆ. ಅಳೆಯುವವರು ಯಾರು? ಕಾರ್ಖಾನೆಯವರು. ನಂಬದವರು ಯಾರು? ರೈತರು. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಇಲ್ಲವೆಂದಲ್ಲ. ಆದರೆ ಕಬ್ಬಿನ ನಡುವೆಯೇ ಇರುವ ಒಂದು ವಿವಿಯ ರಸಾಯನಶಾಸ್ತ್ರ ವಿಭಾಗ, ಹಂಗಾಮು ಪೂರ್ತಿ ಹೊಲಹೊಲದ ಕಬ್ಬಿನ ರಸ ಅಳೆದು ವಾರಕ್ಕೊಮ್ಮೆ ಗೋಡೆಗೆ ಅಂಟಿಸಿದರೆ? ಎಂ.ಎಸ್ಸಿ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದು? ಎಷ್ಟೋ ಕಡೆ ಪ್ರಾಜೆಕ್ಟ್ ವರದಿಗಳು ಝೆರಾಕ್ಸ್ ಅಂಗಡಿಯಲ್ಲಿ ಹುಟ್ಟಿ, ವಿಭಾಗದ ಕಪಾಟಿನಲ್ಲಿ ಸಾಯುತ್ತವೆ.

ಸವಳು-ಜವಳಿನದೂ ಇದೇ ಕಥೆ. ಕರಿನೆಲಕ್ಕೆ ಹಗಲುರಾತ್ರಿ ನೀರು ಬಿಟ್ಟು, ವರ್ಷಗಟ್ಟಲೆ ಕಬ್ಬೊಂದೇ ಹಾಕಿ, ಉಪ್ಪು ಮೇಲೆದ್ದ ಹೊಲಗಳನ್ನು ನದಿದಂಡೆಯ ಯಾವ ಊರಲ್ಲೂ ತೋರಿಸುತ್ತಾರೆ. ಬೇಸಿಗೆಯಲ್ಲಿ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ಹಳೇ ಬಾಗಲಕೋಟೆ ಮುಳುಗಿ ನವನಗರ ಎದ್ದಾಗ ಏನು ಕಳೆದುಹೋಯಿತು, 2009ರ ಮತ್ತು 2019ರ ಹೊಳೆ ಬಂದ ಮೇಲೆ ಯಾರು ಊರು ಬಿಟ್ಟರು, ಪರಿಹಾರದ ದುಡ್ಡು ಯಾವ ಯಾವ ಮನೆಯಲ್ಲಿ ಎಷ್ಟು ದಿನ ಬಾಳಿತು? ಇವನ್ನು ಕೇಳಿ ಬರೆದಿಡುವ ಕೆಲಸ ಸಮಾಜಶಾಸ್ತ್ರ, ಅರ್ಥಶಾಸ್ತ್ರ ವಿಭಾಗಗಳದು. ಇನ್ನೂ 75 ಸಾವಿರ ಎಕರೆ ಮುಳುಗಲಿರುವಾಗ ಈ ಕೆಲಸ ಹಿಂದಿನದಕ್ಕಷ್ಟೇ ಸೇರಿದ್ದಲ್ಲ.

ಈ ನೆಲದವರು ಸರ್ಕಾರದ ದಾರಿ ನೋಡುತ್ತ ಕೂರುವವರೂ ಅಲ್ಲ. 1989ರಲ್ಲಿ ಜಮಖಂಡಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಚಿಕ್ಕಪಡಸಲಗಿ ಹತ್ತಿರ ಕೃಷ್ಣೆಗೆ ತಾವೇ ಬ್ಯಾರೇಜು ಕಟ್ಟಿ ಶ್ರಮಬಿಂದು ಸಾಗರ ಎಂದು ಕರೆದರು. ಎರಡೇ ವರ್ಷದಲ್ಲಿ, 1991ರ ಲೋಕಸಭಾ ಚುನಾವಣೆಯಲ್ಲಿ, ಅದೇ ನ್ಯಾಮಗೌಡರು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಅದಕ್ಕೂ ಹಿಂದೆ, ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿ ಕೇಂಬ್ರಿಜ್‌ವರೆಗೆ ಓದಿ ಬಂದ ಡಿ.ಸಿ. ಪಾವಟೆ 1954ರಿಂದ 1967ರವರೆಗೆ ಧಾರವಾಡದ ಕುಲಪತಿಯಾಗಿ ಆ ವಿವಿಯನ್ನು ಕಟ್ಟಿ ನಿಲ್ಲಿಸಿದರು. ಅವರೂ ಘಟಪ್ರಭೆಯ ನೀರು ಕುಡಿದವರೇ. ಬ್ಯಾರೇಜನ್ನು ಶ್ರಮದಾನದಲ್ಲಿ ಕಟ್ಟಬಹುದು. ಪ್ರಾಧ್ಯಾಪಕ ಹುದ್ದೆಯನ್ನು ಶ್ರಮದಾನದಲ್ಲಿ ತುಂಬಲು ಬರುವುದಿಲ್ಲ.

ಹಾಗಾದರೆ ಮಾಡುವುದೇನು? ಪರೀಕ್ಷೆಯನ್ನೂ ಪಾಠವನ್ನೂ ಬೇರೆ ಮಾಡಿ ಯೋಚಿಸಬೇಕು ಅನ್ನಿಸುತ್ತದೆ. ಪ್ರಶ್ನೆಪತ್ರಿಕೆ ಮುದ್ರಣ, ಮೌಲ್ಯಮಾಪನ, ಅಂಕಪಟ್ಟಿ, ಸಂಯೋಜನೆ, ಇವುಗಳನ್ನು ಜಿಲ್ಲೆಗೊಂದರಂತೆ ನಡೆಸುವುದು ದಂಡ. ಅವನ್ನು ಬೆಳಗಾವಿಗೆ ಮರಳಿಸಲಿ, ಅಥವಾ ಉತ್ತರ ಕರ್ನಾಟಕದ ಎಲ್ಲ ವಿವಿಗಳಿಗೂ ಸೇರಿ ಒಂದೇ ಪರೀಕ್ಷಾ ಘಟಕ ಮಾಡಲಿ, ನನ್ನದೇನೂ ತಕರಾರಿಲ್ಲ. ಕುಲಪತಿಯ ಕಾರೂ ಅದರ ಹಿಂದೆಯೇ ಹೋದರೆ ಹೋಗಲಿ. ಆದರೆ ಜಮಖಂಡಿಯ ತರಗತಿಗಳು, ಪ್ರಯೋಗಾಲಯ, ಗ್ರಂಥಾಲಯ ಅಲ್ಲೇ ಉಳಿದು ಬೆಳೆಯಬೇಕು. ಎಂಟು ಹತ್ತು ವಿಭಾಗ ಸಾಕು, ವಿಭಾಗಕ್ಕೆ ಐದಾರು ಕಾಯಂ ಹುದ್ದೆ. ಪೂರ್ವ ತುದಿಯವರಿಗಾಗಿ ಬಾಗಲಕೋಟೆಯಲ್ಲೋ ಹುನಗುಂದದಲ್ಲೋ ಒಂದು ಉಪಕೇಂದ್ರ. ಅದನ್ನು ವಿಶ್ವವಿದ್ಯಾಲಯ ಎಂದು ಕರೆದರೂ ಆಯಿತು, ರಾಣಿ ಚನ್ನಮ್ಮ ವಿವಿಯ ಕೃಷ್ಣಾತೀರದ ಆವರಣ ಎಂದರೂ ಆಯಿತು. ಉಪಸಮಿತಿಯ ಶಿಫಾರಸಿನಲ್ಲಿ ನನಗಿರುವ ತಕರಾರು ವಿಲೀನ ಎಂಬ ಪದದ ಬಗ್ಗೆ ಅಲ್ಲ. ವಿಲೀನ ಆದ ಮೇಲೆ ಇಷ್ಟು ಹುದ್ದೆ, ಇಷ್ಟು ದುಡ್ಡು ಜಮಖಂಡಿಯಲ್ಲಿ ಇಡುತ್ತೇವೆ ಎಂಬ ಒಂದು ಸಾಲನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ ಎಂಬುದರ ಬಗ್ಗೆ.

ಗೆಳೆಯನ ಮಗಳ ವಿಷಯ ಅರ್ಧಕ್ಕೇ ಬಿಟ್ಟೆ. ಹೊಸ ವಿವಿಯ ಮೊದಲ ಬ್ಯಾಚಿನವಳು ಅವಳು, ಹಾಗೆಯೇ ರಾಷ್ಟ್ರೀಯ ಶಿಕ್ಷಣ ನೀತಿಯ ಕೊನೆಯ ಬ್ಯಾಚಿನವಳು. 2021-22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು 2024-25ರಲ್ಲಿ ರಾಜ್ಯ ಕೈಬಿಟ್ಟಿತು. ಅವಳ ತಮ್ಮ ಅದೇ ಕಾಲೇಜಿನಲ್ಲಿ, ಅದೇ ಬೆಂಚಿನಲ್ಲಿ ಬೇರೆ ಪಠ್ಯಕ್ರಮ ಓದುತ್ತಿದ್ದಾನೆ, ಅಕ್ಕನ ನೋಟ್ಸು ಅವನಿಗೆ ಕೆಲಸಕ್ಕೆ ಬರುತ್ತಿಲ್ಲ. ಮೊನ್ನೆ ಫೋನಿನಲ್ಲಿ ಗೆಳೆಯ ಕೇಳಿದ, "ಎಂ.ಎಸ್ಸಿ.ಗೆ ಅರ್ಜಿ ಎಲ್ಲಿಗೆ ಹಾಕಸೂನು?" ವಿಜಯಪುರದ ಮಹಿಳಾ ವಿವಿಗೆ ಒಂದು, ಧಾರವಾಡಕ್ಕೆ ಒಂದು, ಜಮಖಂಡಿಗೂ ಒಂದು ಹಾಕಿಸು ಎಂದೆ. ಹಿಂದೆ ಮಗ್ಗದ ಸದ್ದಿನ ನಡುವೆ ಅವಳ ದನಿ ಕೇಳಿತು: "ಕಾಕಾಗ ಕೇಳ್ರಿ, ಅಂಕಪಟ್ಟಿ ಲ್ಯಾಮಿನೇಶನ್ ಮಾಡಸ್ಲೋ, ಇನ್ನ ತಡೀಲೋ?"